ಬಚ್ಚಲದ ಹಿಂದಿನ ಕುಣಿ

ಬೇರೆಯವರ ಮನೆಯಲ್ಲಿ ಸ್ನಾನಕ್ಕೆ ಹೋದರೆ ಜನ ಮೊದಲು ನೀರಿನೊಳಗೆ ಬೆರಳು ಅದ್ದಿ ನೋಡುತ್ತಾರೆ. ನಾನು ಕತ್ತೆತ್ತಿ ದೀಪ ನೋಡುತ್ತೇನೆ. ದೀಪದಿಂದ ತಂತಿ ಹಿಡಿದುಕೊಂಡು ನನ್ನ ಕಣ್ಣು ಗೋಡೆಗುಂಟ ನಡೆಯುತ್ತ ಸ್ವಿಚ್ಚಿನ ಹತ್ತಿರ ಬಂದು ನಿಲ್ಲುತ್ತದೆ. ಸ್ವಿಚ್ಚು ಬಚ್ಚಲದ ಹೊರಗಿದ್ದರೆ ಬಿಸ್ಮಿಲ್ಲಾ ಎಂದು ಒಂದು ತಂಬಿಗೆ ಸುರಿದುಕೊಳ್ಳುತ್ತೇನೆ. ಒಳಗಿದ್ದರೆ ಕೈಕಾಲು ಮುಖಕ್ಕಷ್ಟೆ ನೀರು ಮುಟ್ಟಿಸಿ, ಹೊರಗೆ ಬಂದು, ‘ನೀರು ಛಲೋ ಕಾದಿತ್ರಿ’ ಎಂದು ಮನೆಯವರಿಗೆ ಹೇಳುತ್ತೇನೆ. ಆ ಸುಳ್ಳಿನ ಪಾಪ ಅರ್ಧ ನನ್ನದು, ಅರ್ಧ ಆ ಮನೆಗೆ ವೈರಿಂಗ್ ಮಾಡಿದವನದು.

ಹೋದ ತಿಂಗಳು ಧಾರವಾಡದಲ್ಲಿ ಬೀಗರ ಮನೆಗೆ ಹೋದಾಗ ಈ ಚಟ ತುಸು ಹೆಚ್ಚಾಯಿತು. ಅವರ ಬಚ್ಚಲದಲ್ಲಿ ದೀಪ ನೋಡಿದೆ, ಸ್ವಿಚ್ಚು ನೋಡಿದೆ, ತಂತಿ ಹಾಯಿಸಿದ ಕಬ್ಬಿಣದ ಪೈಪು ನೋಡಿದೆ. ಆ ಪೈಪಿನಿಂದ ನೆಲಕ್ಕೆ ಹೋಗಬೇಕಾದ ತಾಮ್ರದ ತಂತಿ ಮಾತ್ರ ಎಲ್ಲಿಯೂ ಕಾಣಲಿಲ್ಲ. ಲುಂಗಿ ಸುತ್ತಿಕೊಂಡವನೇ ಹಿತ್ತಲಿಗೆ ಹೋಗಿ, ಒಂದು ಕಟ್ಟಿಗೆ ತೆಗೆದುಕೊಂಡು, ಗೋಡೆಯ ಬುಡಕ್ಕೆ ಕುಕ್ಕರುಗಾಲಲ್ಲಿ ಕೂತು ಹುಡುಕಿದೆ. ಮನೆಗೆ ಬರುವ ಹಾದಿಯಲ್ಲಿ ಹೆಂಡತಿ ಮಾತು ತೆಗೆದಳು. ಅವಳು ಬೈದದ್ದು ಉರ್ದುವಿನಲ್ಲಿ. ಕನ್ನಡಕ್ಕೆ ತಂದರೆ ಅರ್ಧ ಖಾರ ಉದುರಿ ಹೋಗುತ್ತದೆ.

“ಬೀಗರ ಹಿತ್ತಲದಾಗ ಲುಂಗಿ ಮ್ಯಾಲೆ ನೆಲಾ ಕೆದರಾಕ ಹೋಗಿದ್ರಿ. ಅವರ ಕೋಳಿ ಸುದ್ದಾ ನಿಮ್ಮನ್ನ ನೋಡಿ ನಾಚಿಕೊಂಡ್ವು.”

“ಅರ್ಥಿಂಗ್ ಐತೋ ಇಲ್ಲೋ ನೋಡಿದೆ.”

“ಐತೇನು?”

“ಇಲ್ಲ.”

“ಮತ್ತ ಅವರಿಗೆ ಹೇಳಿದ್ರೇನು?”

“ಹೇಳಿದೆ. ಬೀಗರನ್ನ ಕುಂಡ್ರಿಸಿ ಮೊದಲಿಂದ ಕಡೀತನಕ ಹೇಳಿದೆ. ನಮ್ಮ ಗಾಡಿ ತಪ್ಪಿದ್ದು ಮತ್ಯಾಕ ಅಂತ ತಿಳದಿ?”

ಹೀಗೆ ಕುಂಡ್ರಿಸಿ ಹೇಳುವುದು ನನಗೆ ಹುಟ್ಟಿನಿಂದ ಬಂದ ಗುಣ ಅಲ್ಲ. ಹತ್ತು ಹನ್ನೆರಡು ವರ್ಷದ ಹಿಂದೆ ಹುಬ್ಬಳ್ಳಿಯ ಒಬ್ಬ ಅರಳೆ ವ್ಯಾಪಾರಿಯ ಬಚ್ಚಲದಲ್ಲಿ ಕಲಿತದ್ದು. ಕಲಿಸಿದಾಕೆ ಸಾಲಿಯ ಕಟ್ಟೆಯನ್ನೇ ಹತ್ತಿದವಳಲ್ಲ.

ಆಗ ಹುಬ್ಬಳ್ಳಿಯ ಮನೆಗಳಿಗೆ ಕರೆಂಟು ಬರಲಿಕ್ಕೆ ಹತ್ತಿ ಬಹಳ ದಿನ ಆಗಿರಲಿಲ್ಲ. ವೈರಿಂಗ್ ಬಲ್ಲ ಮಿಸ್ತ್ರಿಗಳು ಊರಿಗೆ ನಾಲ್ಕು ಮಂದಿ. ಅವರಲ್ಲಿ ನಾನೊಬ್ಬ, ನನ್ನನ್ನು ಕೇಳಿದರೆ ನಾನೊಬ್ಬನೇ. ನನ್ನಪ್ಪ ಕಲಾಯಿ ಮಾಡುವವ. ಓಣಿ ಓಣಿ ತಿರುಗಿ, ಮನೆಮನೆಯ ಹಿತ್ತಲಲ್ಲಿ ತಿದಿ ಹೂಡಿ, ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ತವರ ಬಳಿದು ಕನ್ನಡಿಯಂತೆ ಮಾಡಿಕೊಡುತ್ತಿದ್ದ. ಆ ಹೊಗೆ ಅವನ ಎದೆಗೆ ಇಳಿದು ಏಳಲಾರದಂತಾದಾಗ ನಾನು ಕನ್ನಡ ನಾಲ್ಕನೆಯ ಇಯತ್ತೆಯಲ್ಲಿದ್ದೆ. ಪಾಟಿ ಕೆಳಗಿಟ್ಟು ತಿದಿ ಹಿಡಿದೆ. ಮುಂದೆ ಹತ್ತಿ ಹಿಂಜುವ ಗಿರಣಿಯೊಳಗೆ ಒಬ್ಬ ಉಸ್ತಾದರ ಕೈಕೆಳಗೆ ಎಂಟು ವರ್ಷ ಕರೆಂಟಿನ ಕೆಲಸ ಕಲಿತೆ. ಉಸ್ತಾದರು ಮಾತು ಕಡಿಮೆ, ಕಪಾಳಕ್ಕೆ ಹೊಡೆಯುವುದು ಹೆಚ್ಚು. ಕರೆಂಟಿಗಿಂತ ಅವರ ಕೈಗೆ ನಾನು ಹೆಚ್ಚು ಅಂಜುತ್ತಿದ್ದೆ, ಆದ್ದರಿಂದ ಇವತ್ತಿನವರೆಗೆ ಬದುಕಿದ್ದೇನೆ.

ನನ್ನ ಹತ್ತಿರ ಒಂದು ಇಂಗ್ಲಿಷ್ ಕ್ಯಾಟಲಾಗು ಇತ್ತು. ಗಿರಣಿಯ ಸಾಹೇಬರು ಒಗೆದದ್ದನ್ನು ಎತ್ತಿಕೊಂಡು ಬಂದಿದ್ದೆ. ಓದಲು ಬರುತ್ತಿರಲಿಲ್ಲ, ಚಿತ್ರ ನೋಡುತ್ತಿದ್ದೆ. ಗಿರಾಕಿಯ ಮನೆಗೆ ಹೋಗುವಾಗ ಪಕ್ಕಡ, ಉಳಿ, ಸುತ್ತಿಗೆ ಚೀಲದೊಳಗೆ, ಕ್ಯಾಟಲಾಗು ಬಗಲೊಳಗೆ. ಗಿರಾಕಿ ಏನಾದರೂ ತಕರಾರು ತೆಗೆದರೆ ಕ್ಯಾಟಲಾಗು ಬಿಚ್ಚಿ, ಒಂದು ಪುಟದ ಮೇಲೆ ಬೆರಳಾಡಿಸಿ, ಹುಂ ಎಂದು ಮುಚ್ಚುತ್ತಿದ್ದೆ. ಗಿರಾಕಿ ಅಲ್ಲಿಗೆ ಗಪ್ಪಾಗುತ್ತಿದ್ದ.

ಇನ್ನೊಂದು ಮಾತೂ ಹೇಳಿಬಿಡುತ್ತೇನೆ. ನಮ್ಮ ಕಡೆ ಮುಸ್ಸಂಜೆಗೆ ದೀಪ ಹಚ್ಚಿದಾಗ ದೀಪಕ್ಕೆ ಕೈ ಮುಗಿಯುವುದುಂಟು. ಕರೆಂಟಿನ ದೀಪ ಬಂದ ಮೇಲೂ ಅದು ತಪ್ಪಲಿಲ್ಲ. ಕೆಲಸ ಮುಗಿಸಿ ಸಂಜೆಗೆ ನಾನು ಸ್ವಿಚ್ಚು ಒತ್ತಿದರೆ ಸಾಕು, ಮುದುಕರು, ಹೆಂಗಸರು, ಕೂಸುಗಳು ಎಲ್ಲರೂ ಕೈ ಜೋಡಿಸುತ್ತಿದ್ದರು. ಕೈ ಮುಗಿದದ್ದು ದೀಪಕ್ಕೆ ಎಂಬುದು ನನಗೆ ಗೊತ್ತು. ಆದರೆ ದೀಪದ ಕೆಳಗೇ ನಿಂತವನು ನಾನು. ಹೀಗೆ ಮನೆಯಿಂದ ಮನೆಗೆ ಕೈ ಮುಗಿಸಿಕೊಳ್ಳುತ್ತ ಹೋದವನಿಗೆ ‘ಇದು ಯಾಕ್ರಿ ಮಿಸ್ತ್ರಿ, ಅದು ಯಾಕ್ರಿ’ ಎಂದು ಯಾರಾದರೂ ಕೇಳಿದರೆ ಸೇರೀತು ಹೇಗೆ? ಬಿಡಿಸಿ ಹೇಳಲು ಹೋದರೆ ಎಲ್ಲೋ ಒಂದು ಇಂಗ್ಲಿಷ್ ಶಬ್ದ ತಪ್ಪಿ, ಒಳಗಿನ ನಾಲ್ಕನೆಯ ಇಯತ್ತೆ ಹೊರಗೆ ಇಣುಕೀತು ಎಂಬ ಅಂಜಿಕೆಯೂ ಇತ್ತು.

ಅರಳೆ ವ್ಯಾಪಾರಿಯ ಹೆಸರು ಗುರುಪಾದಪ್ಪ. ಗಿರಣಿಗೆ ಹತ್ತಿ ಹಾಕಲು ಬಂದಾಗ ಅವರು ಒಂದು ಪಂಖಾ ನೋಡಿದ್ದರು. ಗೋಡೆಯ ತೂತಿನಲ್ಲಿ ಕೂತು ಒಳಗಿನ ಧೂಳನ್ನು ಜಗ್ಗಿ ಹೊರಗೆ ಉಗುಳುವ ಕಬ್ಬಿಣದ ಪಂಖಾ. ಒಂದು ದಿನ ನನ್ನನ್ನು ಕರೆಸಿದರು.

“ಮಿಸ್ತ್ರಿ, ಧೂಳಾ ಜಗ್ಗೂ ಪಂಖಾ ಹೊಗೀನೂ ಜಗ್ಗತೈತೇನು?”

“ಹೊಗಿ ಅದಕ್ಕ ಯಾವ ಲೆಕ್ಕರೀ ಸಾವಕಾರ್ರ.”

“ಹಂಗಾರ ನಮ್ಮ ಬಚ್ಚಲದಾಗ ಒಂದು ಕೂಡಸು. ದೀಪಾನೂ ಹಾಕು. ಮಗಳು ಚೊಚ್ಚಲ ಬಾಣಂತನಕ್ಕ ಬಂದಾಳ. ಬಚ್ಚಲದಾಗ ಹೋಗಿ ಬಂದ್ಲಂದ್ರ ಕಣ್ಣು ಕೆಂಡ ಆಗಿರತಾವ. ಹುಬ್ಬಳ್ಳ್ಯಾಗ ಇನ್ನ ಯಾರ ಬಚ್ಚಲದಾಗೂ ಇರಬಾರದು, ಅಂಥಾದ್ದು ಮಾಡು.”

ಕೊನೆಯ ಮಾತು ಹೇಳದಿದ್ದರೆ ನಾನು ಒಪ್ಪುತ್ತಿದ್ದೆನೋ ಇಲ್ಲವೋ. ಹೇಳಿದ ಮೇಲೆ ಒಪ್ಪದೆ ಇರುವುದು ಸಾಧ್ಯವಿರಲಿಲ್ಲ.

ಅವರ ಬಚ್ಚಲ ಒಂದು ಸಣ್ಣ ಕೋಣೆಯಷ್ಟಿತ್ತು. ಮೂಲೆಯಲ್ಲಿ ಗಾರೆಯ ಒಲೆ, ಅದರ ಮೇಲೆ ಕೂಸು ಕೂತು ಈಜಬಹುದಾದಷ್ಟು ದೊಡ್ಡ ತಾಮ್ರದ ಹಂಡೆ. ಉರುವಲಿಗೆ ಹತ್ತಿಯ ಕಟ್ಟಿಗೆ. ಅರಳೆ ವ್ಯಾಪಾರಿಯ ಮನೆಯಲ್ಲಿ ಅದಕ್ಕೇನು ಬರ? ಹತ್ತಿಯ ಕಟ್ಟಿಗೆ ಹತ್ತುವುದೂ ಬೇಗ, ಹೊಗೆ ಬಿಡುವುದೂ ಧಾರಾಳ. ಬೆಳಕಿಗೆ ಗೋಡೆಯ ಮೇಲೆ ಒಂದು ಗೇಣಿನ ಕಿಂಡಿ. ಹೊಗೆ ಅದನ್ನು ಹುಡುಕಿಕೊಂಡು ಹೋಗುವಷ್ಟರಲ್ಲಿ ಸ್ನಾನ ಮಾಡುವವರ ಕಣ್ಣೊಳಗೆ ಎರಡು ಸುತ್ತು ಹಾಕಿ ಬರುತ್ತಿತ್ತು.

ಬಚ್ಚಲದ ಕೆಲಸ ಪಡಸಾಲೆಯ ಕೆಲಸದಂತೆ ಅಲ್ಲ. ಕಟ್ಟಿಗೆಯ ಪಟ್ಟಿಯೊಳಗೆ ತಂತಿ ಹಾಯಿಸಿದರೆ ಹಬೆಗೆ ಪಟ್ಟಿ ಉಬ್ಬಿ ಬಾಯಿ ಬಿಡುತ್ತದೆ. ಆದ್ದರಿಂದ ಕಬ್ಬಿಣದ ಪೈಪು ಹಾಕಿದೆ. ದೀಪಕ್ಕೆ ಹಿತ್ತಾಳೆಯ ಹೋಲ್ಡರು ಬೇಡವೆಂದು ಪಿಂಗಾಣಿಯದು ತಂದು, ಮೇಲೆ ಗಾಜಿನ ಬುರುಡೆ ಮುಚ್ಚಿದೆ. ಎರಡೂ ಸ್ವಿಚ್ಚು ಬಾಗಿಲ ಹೊರಗೆ. ಕಿಂಡಿ ಒಡೆದು ದೊಡ್ಡದು ಮಾಡಿ ಪಂಖಾಕ್ಕೆ ಜಾಗ ಮಾಡಿದೆ. ಇಷ್ಟಾದರೆ ದೀಪ ಹತ್ತುತ್ತದೆ, ಪಂಖಾ ತಿರುಗುತ್ತದೆ. ಉಳಿದ ಮೂವರು ಮಿಸ್ತ್ರಿಗಳಲ್ಲಿ ಇಬ್ಬರು ಇಲ್ಲಿಗೆ ಚೀಲ ಕಟ್ಟುತ್ತಿದ್ದರು. ಆದರೆ ಪಂಖಾದ ಒಳಗಿನ ತಂತಿಯ ಹೊದಿಕೆ ಹಬೆಯಿಂದ ಎಂದೋ ಒಂದು ದಿನ ಸುಲಿದರೆ, ಕರೆಂಟು ಕಬ್ಬಿಣದ ಮೈಗೆ ಬಂದು, ಪೈಪಿನ ತುಂಬ ಹರಡಿ ಕೂಡುತ್ತದೆ. ಪಂಖಾ ಏನೂ ಗೊತ್ತಿಲ್ಲದವರಂತೆ ತಿರುಗುತ್ತಲೇ ಇರುತ್ತದೆ. ಒದ್ದೆ ನೆಲದ ಮೇಲೆ ನಿಂತು ಆ ಪೈಪು ಮುಟ್ಟಿದವರ ಮೈಯೊಳಗಿಂದ ಅದು ನೆಲಕ್ಕೆ ಹಾದಿ ಮಾಡಿಕೊಳ್ಳುತ್ತದೆ. ಹಾಗಾಗದಂತೆ ಪಂಖಾಕ್ಕೂ ಪೈಪಿಗೂ ದಪ್ಪ ತಾಮ್ರದ ತಂತಿ ಕಟ್ಟಿ, ಹಿತ್ತಲಲ್ಲಿ ಕುಣಿ ತೋಡಿ, ನೆಲದೊಳಗೆ ಅದಕ್ಕೊಂದು ಹಾದಿ ಮೊದಲೇ ಮಾಡಿಡಬೇಕು. ಉಸ್ತಾದರಿಂದ ನಾನು ತಿಂದ ಏಟಿನಲ್ಲಿ ಅರ್ಧಕ್ಕರ್ಧ ಈ ಕುಣಿಯ ಸಲುವಾಗಿ.

ಕುಣಿ ತೋಡಿದ ದಿನ ಅಮಾವಾಸ್ಯೆ. ಬೇಕೆಂದು ಆರಿಸಿದ್ದಲ್ಲ. ಅವತ್ತು ಸಾವಕಾರರ ಅಂಗಡಿ ಪೂಜೆ ಮುಗಿಸಿ ಬಾಗಿಲು ಹಾಕುತ್ತದೆ, ಅವರು ಮನೆಯಲ್ಲಿರುತ್ತಾರೆ ಎಂದು ಹೋದೆ. ನಾವು ಚಂದ್ರ ಕಾಣುವ ದಿನಕ್ಕೆ ಕಾಯುವ ಮಂದಿ. ಕಾಣದ ದಿನ ಯಾರು ನೆನಪಿಡುತ್ತಾರೆ? ಸಾವಕಾರರು ಮನೆಯಲ್ಲಿದ್ದರು ಖರೆ, ಉಂಡು ಒಳಗೆ ಮಲಗಿದ್ದರು. ಹಿತ್ತಲಲ್ಲಿ ನಾನೊಬ್ಬನೇ. ಎದೆಯುದ್ದ ಕುಣಿ ತೋಡಿ, ತಳಕ್ಕೆ ಇದ್ದಲಿ ಹಾಕಿದೆ. ಇದ್ದಲಿಯ ಮೇಲೆ ಉಪ್ಪು. ಉಪ್ಪಿನ ಮೇಲೆ ಚೌಕನೆಯ ತಾಮ್ರದ ತಗಡು ನಿಲ್ಲಿಸಿ ತಂತಿ ಬಿಗಿದು, ಸುತ್ತಲೂ ಮತ್ತೆ ಇದ್ದಲಿ, ಮತ್ತೆ ಉಪ್ಪು. ಬುಟ್ಟಿ ತಪ್ಪಬಾರದೆಂದು ಬಾಯಲ್ಲಿ ಎಣಿಸಿಕೊಳ್ಳುತ್ತಿದ್ದೆ. ಎಣಿಕೆ ನನಗೆ ಬರುವುದು ಉರ್ದುವಿನಲ್ಲೇ.

ಈಗ ಆ ಕುಣಿಯನ್ನು ಹಿತ್ತಲ ಬಾಗಿಲಲ್ಲಿ ನಿಂತು ನೀವು ನೋಡಿರಿ. ಅಮಾವಾಸ್ಯೆಯ ಮಧ್ಯಾಹ್ನ. ಮನೆಯಲ್ಲಿ ತುಂಬಿದ ಬಸುರಿ. ಹಿತ್ತಲಲ್ಲಿ ಒಬ್ಬ ಸಾಬ ತಾಮ್ರದ ತಗಡು, ಉಪ್ಪು, ಇದ್ದಲಿ ಹೂಳುತ್ತ ತುಟಿ ಅಲುಗಿಸುತ್ತಿದ್ದಾನೆ.

ಆ ಬಾಗಿಲಲ್ಲಿ ನಿಂತು ನೋಡಿದವರು ಸಾವಕಾರರ ತಾಯಿ ಗೌರವ್ವಾರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಕೈಯಲ್ಲಿ ಬೀಗದ ಕೈಯ ಗೊಂಚಲು.

“ಏನು ಹೂಳಾಕತ್ತೀಪಾ?”

“ಇದು ನಿಮಗ ತಿಳಿಯೂದಲ್ಲರಿ ಅವ್ವಾರ.”

“ತಿಳಿಯೂಹಂಗ ಹೇಳು.”

“ಹೇಳೂವಂಥಾದ್ದಲ್ಲ ಇದು. ಇಷ್ಟ ನೆನಪ ಇಡ್ರಿ. ಇದನ್ನ ಯಾರೂ ತಗೀಬಾರದು. ತಗದ್ರ ಈ ಮನ್ಯಾಗ ಒಂದು ಜೀವ ಹೋದೀತು. ದಿನಾ ಒಂದು ಕೊಡಾ ನೀರು ಹಾಕ್ಕೋತ ಇರ್ರಿ.”

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಗೌರವ್ವಾರು ಮತ್ತೇನೂ ಕೇಳದೆ ಸೆರಗು ಬಿಗಿ ಮಾಡಿಕೊಂಡು ಒಳಗೆ ಹೋದರು. ನನ್ನ ಮಾತು ಸರಿಯಾಗಿ ನಾಟಿತೆಂದು ನನಗೆ ಖುಷಿಯಾಯಿತು. ನಾಟಿತ್ತು.

ಗಿರಣಿಯ ಒಂದು ಹಳೆಯ ಪಂಖಾ ರಿಪೇರಿಯಾಗಿ ಬರುವಷ್ಟರಲ್ಲಿ ಹದಿನೈದು ದಿನ ಹೋದವು. ಅಷ್ಟರಲ್ಲಿ ಸಾವಕಾರರ ಮಗಳು ಶಾಂತವ್ವ ಹೆಣ್ಣು ಕೂಸು ಹಡೆದಿದ್ದಳು. ಐದನೆಯ ದಿನ ಅವಳನ್ನು ಬಚ್ಚಲದಲ್ಲಿ ಕೂಡಿಸಿ ತಲೆಗೆ ನೀರು ಹಾಕುವುದಿತ್ತು. ಹಿಂದಿನ ಸಂಜೆ ಪಂಖಾ ಕೂಡಿಸಿ ಹೋಗಿದ್ದೆ. ಐದನೆಯ ದಿನ ಬೆಳಿಗ್ಗೆ ಕರೆಂಟು ಕೊಡಲು ಬಂದೆ. ಸಾವಕಾರರು ಅಂಗಡಿಗೆ ಹೋಗಿದ್ದರು. ಒಲೆ ಹೊತ್ತಿಸಿ ಹಂಡೆಯ ನೀರು ಕಾಯಲು ಇಟ್ಟಿದ್ದರು. ಬಚ್ಚಲದ ತುಂಬ ಹೊಗೆ. ಹಂಡೆಯ ಮೇಲೆ ಫಳಫಳ ಹೊಳೆಯುವ ಚೌಕನೆಯ ಮುಚ್ಚಳ ನೋಡಿ, ಹಿಂದೆ ಕಂಡ ನೆನಪಿಲ್ಲವಲ್ಲ, ಹೊಸದಾಗಿ ತಂದಿರಬೇಕು ಎಂದುಕೊಂಡೆ.

ಸ್ವಿಚ್ಚು ಒತ್ತಿದೆ. ದೀಪ ಹತ್ತಿತು. ಇನ್ನೊಂದು ಒತ್ತಿದೆ. ಪಂಖಾ ಒಮ್ಮೆ ಗುರ್ರೆಂದು, ಆಮೇಲೆ ಸರಾಗವಾಗಿ ತಿರುಗಿತು. ಹೊಗೆ ಒಲೆಯಿಂದ ಎದ್ದು, ಬಾಲ ಮುದುರಿದ ನಾಯಿಯಂತೆ ಸೀದಾ ಕಿಂಡಿಯಿಂದ ಹೊರಗೆ ಹೋಯಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಗೌರವ್ವಾರ ಕಡೆ, ಕೈ ಮುಗಿಯುತ್ತಾರೋ ಏನೋ ಎಂದು ಓರೆಗಣ್ಣಿನಿಂದ ನೋಡಿದೆ. ಮುಗಿಯಲಿಲ್ಲ.

ಕೊನೆಯದು ಕುಣಿಯ ಪರೀಕ್ಷೆ. ಅದಕ್ಕೆ ನನ್ನ ಚೀಲದಲ್ಲಿ ಎರಡು ತಂತಿ ಕಟ್ಟಿದ ಒಂದು ಬಲ್ಬು ಇರುತ್ತದೆ. ಒಂದು ತಂತಿ ಕರೆಂಟಿಗೆ, ಇನ್ನೊಂದು ಕುಣಿಗೆ ಹೋಗುವ ತಂತಿಗೆ ಹಚ್ಚಿದರೆ ಬಲ್ಬು ಬೆಳ್ಳಗೆ ಉರಿಯಬೇಕು. ಹಚ್ಚಿದೆ. ಉರಿಯಲಿಲ್ಲ. ಬಲ್ಬು ತಿರುವಿ ಬಿಗಿ ಮಾಡಿ ಮತ್ತೆ ಹಚ್ಚಿದೆ. ಕತ್ತಲು.

ಹಿತ್ತಲಿಗೆ ಹೋದೆ. ಗೋಡೆಯಿಂದ ಹೊರಗೆ ಬಂದ ನನ್ನ ತಾಮ್ರದ ತಂತಿಯನ್ನು ಯಾರೋ ಕಡಿದು, ಅಚ್ಚುಕಟ್ಟಾಗಿ ಸುತ್ತಿ, ಗೂಟಕ್ಕೆ ತೂಗು ಹಾಕಿದ್ದರು. ಕುಣಿ ಇದ್ದಲ್ಲಿ ಮಣ್ಣು ಮುಚ್ಚಿ ಸಗಣಿಯಿಂದ ಸಾರಿಸಿತ್ತು. ಅದರ ಮೇಲೆ ರಂಗೋಲಿ. ರಂಗೋಲಿಯ ನಡುವೆ ಕುಂಕುಮ ಹಚ್ಚಿ ಕೊಯ್ದ ಒಂದು ನಿಂಬೆಹಣ್ಣು. ನಿಂಬೆಹಣ್ಣು ನೋಡಿದ ಮೇಲೆ ನನಗೆ ಎಲ್ಲ ತಿಳಿಯಿತು. ಮಾಟ ಮಾಡುವವರು ಹೂಳುವುದೂ ತಾಮ್ರದ ತಗಡನ್ನೇ.

“ಅವ್ವಾರ, ಕುಣಿಯಾಗಿನ ತಗಡ ಎಲ್ಲಿ?”

“ಹಂಡೇ ಮ್ಯಾಲೆ ಐತಿ ನೋಡು.”

“ನಾ ಮಾಟ ಮಾಡೀನಿ ಅಂತ ತಗದ್ರೇನು?”

“ಮತ್ತೇನು ಮದುವಿ ಮಾಡಿದ್ದೇನು?”

“ಮಾಟದ ತಗಡ ಅಂತೀರಿ, ಬಾಣಂತಿ ನೀರಿಗೆ ಮುಚ್ಚೀರಿ.”

“ಮೂರು ದಿನಾ ಬೆಂಕ್ಯಾಗ ಇಟ್ಟೇನಿ. ಹುಣಸಿಹಣ್ಣು ಹಚ್ಚಿ ತಿಕ್ಕೇನಿ. ಇಬತ್ತಿ ಬಡದೇನಿ. ಇನ್ನ ಅದರಾಗ ತಾಂಬ್ರ ಬಿಟ್ರ ಏನೂ ಉಳದಿಲ್ಲ. ಇಷ್ಟು ತಾಂಬ್ರ ಒಗ್ಯಾಕ ನಾವೇನು ಹುಚ್ಚರೇನು?”

ನನಗೆ ಕಾಲಿನಿಂದ ತಲೆಯವರೆಗೆ ಸಿಟ್ಟು ಏರಿತು. ಎಷ್ಟು ಮನೆಗೆ ದೀಪ ಕೊಟ್ಟವನು ನಾನು; ನನ್ನನ್ನು ಮಾಟಗಾರ ಎಂದು ನಿಂಬೆಹಣ್ಣು ಕೊಯ್ಯುವುದೆ? ಚೀಲ ಹೆಗಲಿಗೆ ಹಾಕಿಕೊಂಡೆ.

“ಕುಣಿ ಇಲ್ಲಂದ್ರ ನಾ ಜಿಮ್ಮೇದಾರಲ್ಲ, ಹೇಳಿರತೇನಿ.”

“ದೀಪ ಹತ್ತತೈತಿ. ಪಂಖಾ ತಿರಗತೈತಿ. ಇನ್ನೇನು ಬೇಕು? ಹೋಗು ತಮ್ಮಾ, ನೀರು ಕಾದೈತಿ, ಹುಡುಗಿ ಬರೂ ಹೊತ್ತಾತು.”

ಹೋದೆ. ಓಣಿಯ ಮೂಲೆಯ ತನಕ ಬಿರುಸಾಗಿಯೇ ನಡೆದೆ. ಅಲ್ಲಿ ನಿಂತೆ. ಬಚ್ಚಲದೊಳಗೆ ಬಾಣಂತಿ ಕೂಡಲು ಅವರು ಹಾಕಿದ ಕಲ್ಲು ಕಣ್ಣ ಮುಂದೆ ಬಂತು. ಕಲ್ಲನ್ನು ನನ್ನ ಪೈಪಿನ ಮಗ್ಗುಲಿಗೇ ಹಾಕಿದ್ದರು. ಹಡೆದು ಐದು ದಿನವಾದ ಹುಡುಗಿ ಸ್ನಾನ ಮುಗಿಸಿ ಏಳುವಾಗ ಏನನ್ನಾದರೂ ಹಿಡಿದೇ ಏಳಬೇಕು. ಪಂಖಾ ಈಗಷ್ಟೆ ರಿಪೇರಿಯಾದದ್ದು, ಇವತ್ತು ಹಿಡಿದರೆ ಏನೂ ಆಗದೆ ಹೋದೀತು. ನಾಳೆಯೂ ಆಗದೆ ಹೋದೀತು. ಬಾಣಂತನವೆಂದರೆ ಐದು ತಿಂಗಳು, ದಿನಾ ನೀರು, ದಿನಾ ಹಬೆ. ನಾನು ಕುಣಿ ತೋಡಿದ್ದೆ, ತೆಗೆದವರು ಅವರು. ತಪ್ಪು ನನ್ನದಲ್ಲವೆಂದು ದೇವರ ಮುಂದೆಯೂ ಸಾಬೀತು ಮಾಡಬಲ್ಲೆ ಎಂದು ಸಮಾಧಾನ ಮಾಡಿಕೊಂಡೆ. ಆದರೆ ನಾನು ಸಾಬೀತು ಮಾಡುವ ಹೊತ್ತಿನಲ್ಲಿ ಆ ಹುಡುಗಿಯೂ ಅಲ್ಲೇ ದೇವರ ಮುಂದೆ ನಿಂತಿರುತ್ತಾಳಲ್ಲ. ಹೊರಟು ಬರುವಾಗ ಫ್ಯೂಸು ಕಿತ್ತುಕೊಂಡು ಬಂದಿದ್ದರೂ ಉಪಯೋಗವಿರಲಿಲ್ಲ. ಸಂಜೆಯೊಳಗೆ ಇನ್ನೊಬ್ಬ ಮಿಸ್ತ್ರಿ ಬಂದು ಹಾಕಿಕೊಡುತ್ತಿದ್ದ, ಕುಣಿಯ ಸುದ್ದಿಯನ್ನೇ ಎತ್ತುತ್ತಿರಲಿಲ್ಲ.

ತಿರುಗಿ ಬಂದೆ. ಅಷ್ಟು ಉದ್ದದ ಓಣಿ ಹುಬ್ಬಳ್ಳಿಯಲ್ಲಿ ಇನ್ನೊಂದಿಲ್ಲ.

ಗೌರವ್ವಾರು ಬಚ್ಚಲದ ಹೊಸ್ತಿಲ ಮೇಲೆ ಕೂತು ಎಣ್ಣೆಯ ಬಟ್ಟಲು ಬೆಚ್ಚಗೆ ಮಾಡುತ್ತಿದ್ದರು.

“ಮತ್ಯಾಕ ಬಂದಿ?”

“ಹೇಳಾಕ ಬಂದೇನ್ರಿ.”

“ಏನು?”

ಬಗಲಲ್ಲಿದ್ದ ಕ್ಯಾಟಲಾಗು ತೆಗೆದೆ. ಪುಟ ಬಿಚ್ಚಿ, ಅರ್ಥಿಂಗು, ಲೀಕೇಜು, ಶಾರ್ಟು ಎಂದು ನನಗೆ ಗೊತ್ತಿದ್ದ ಇಂಗ್ಲಿಷನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ.

“ಈ ಮಂತ್ರ ನಿಂಬಿಹಣ್ಣಿಗೂ ಬಗ್ಗೂದಲ್ಲ” ಎಂದರು ಗೌರವ್ವಾರು. “ನಿಮ್ಮಪ್ಪ ಇದ ಹಿತ್ತಲದಾಗ ಕುಂತು ಕಲಾಯಿ ಮಾಡತಿದ್ದ. ನವಸಾಗರ ಯಾಕ ಹಾಕ್ತೀ ಅಂತ ಕೇಳಿದ್ರ, ಯಾಕ ಹಾಕ್ತೇನಿ ಅಂತ ಹೇಳತಿದ್ದ. ಪುಸ್ತಕ ತಗೀತಿದ್ದಿಲ್ಲ.”

ಕ್ಯಾಟಲಾಗು ಮುಚ್ಚಿ ಕೆಳಗಿಟ್ಟೆ. ಅವರ ಎದುರಿಗೆ ನೆಲದ ಮೇಲೆ ಕೂತೆ.

“ಅವ್ವಾರ, ಈ ಬಚ್ಚಲಕ್ಕ ಮೋರಿ ಯಾಕ ಮಾಡೀರಿ?”

“ನೀರು ಹೋಗಾಕ.”

“ಮೋರಿ ಇರದಿದ್ರ?”

“ಒಳಗ ನಿಂತು ಮನೀಗೆ ಬರತೈತಿ.”

“ಕರೆಂಟೂ ಹಂಗರೀ. ತಂತ್ಯಾಗ ಹೋಗೂದು ಎಂದಾರ ಒಂದು ದಿನಾ ಪಂಖಾದಾಗ ಸೋರಿ ಈ ಪೈಪಿನಾಗ ಬಂದು ನಿಂದರತೈತಿ. ಕಣ್ಣಿಗೆ ಕಾಣೂದಿಲ್ಲ. ಹುಡುಗಿ ಒದ್ದಿ ಕೈಲೆ ಹಿಡದ್ಲು ಅಂದ್ರ ಆಕೀ ಮೈಯಾಗ ಹಾದು ನೆಲಕ್ಕ ಹೋಗತೈತಿ. ಕುಣಿ ಅದರ ಮೋರಿ. ಅದು ಇತ್ತಂದ್ರ ಅತ್ತ ಹೋಗತೈತಿ, ಹುಡುಗೀನ್ನ ಬಿಡತೈತಿ.”

ಗೌರವ್ವಾರು ಎಣ್ಣೆಯ ಬಟ್ಟಲು ಬದಿಗೆ ಸರಿಸಿದರು.

“ಉಪ್ಪು ಯಾಕ?”

“ಮಳಿಗಾಲದಾಗ ಉಪ್ಪಿನ ಗಡಿಗಿ ನೋಡ್ರಿ, ಹೊರಗ ನೀರು ಒಡೀತೈತಿ. ಉಪ್ಪು ಹಸೀ ಹಿಡೀತೈತಿ. ಇದ್ದಲಿ ಆ ಹಸೀ ಕುಡದು ಇಟ್ಕೋತೈತಿ. ನೆಲಾ ಒಣಗಿದ್ರ ಕರೆಂಟು ಹೋಗೂದಿಲ್ಲ. ಅದಕ್ಕ ನೀರು ಹಾಕ್ರಿ ಅಂದೆ. ತಾಂಬ್ರ ಆದ್ರ ಮಣ್ಣಾಗ ಲಗೂ ಹಾಳಾಗೂದಿಲ್ಲ.”

“ಅಮಾಸಿ ದಿನಾನ ಯಾಕ?”

“ಸಾವಕಾರ್ರು ಮನ್ಯಾಗ ಇರತಾರ ಅಂತರಿ.”

“ತುಟಿ ಯಾಕ ಅಲಗಸತಿದ್ದಿ?”

“ಬುಟ್ಟಿ ಎಣಸತಿದ್ದೆ.”

“ಬುಟ್ಟಿ ಎಣಸಾಕ ಬಾಯಿ ಬೇಕೇನು?”

ಈ ಊರಿನಲ್ಲಿ ಯಾವ ಗಿರಾಕಿಗೂ ಹೇಳದೆ ಇಟ್ಟುಕೊಂಡ ಮಾತನ್ನು ಅವತ್ತು ಹೇಳಿದೆ. “ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟಾವ್ರಿ ನಾನು. ಮನಸ್ಸಿನಾಗ ಎಣಿಸಿದ್ರ ತಪ್ಪತೈತಿ.”

ಗೌರವ್ವಾರು ಎದ್ದು, ಒಳಗೆ ಹೋಗಿ, ಸೆರಗಿನಿಂದ ಹಿಡಿದು ಹಂಡೆಯ ಮೇಲಿನ ತಗಡು ತಂದು ನನ್ನ ಮುಂದಿಟ್ಟರು. ಬಿಸಿಯಾಗಿತ್ತು.

“ತೋಡು. ಆದ್ರ ಆ ಜಾಗಾದಾಗ ಬ್ಯಾಡ. ದಿನಾ ಕೊಡಾ ನೀರು ಯಾರು ಹೊತ್ತು ಹಾಕ್ತಾರ? ಮೋರೀ ಬಾಯಾಗ ತೋಡು. ಬಚ್ಚಲದ ನೀರು ತಾನ ಹೋಗಿ ಹಸೀ ಮಾಡತೈತಿ.”

ಇದು ಉಸ್ತಾದರಿಗೂ ಹೊಳೆದಿರಲಿಲ್ಲ, ಕ್ಯಾಟಲಾಗಿನ ಚಿತ್ರದಲ್ಲಿಯೂ ಇರಲಿಲ್ಲ. ಅವತ್ತಿನಿಂದ ನಾನು ಎಲ್ಲ ಕಡೆ ಕುಣಿಯನ್ನು ಮೋರಿಯ ಬಾಯಿಗೇ ತೋಡುತ್ತೇನೆ. ಹೇಗೆ ಹೊಳೆಯಿತು ಎಂದು ಕೇಳಿದವರಿಗೆ ಬಹಳ ವರ್ಷ ‘ಅನುಭವ’ ಎಂದು ಹೇಳುತ್ತಿದ್ದೆ.

ಹಸಿ ಮಣ್ಣು, ಗುದ್ದಲಿಗೆ ಬೇಗ ಬಿಟ್ಟಿತು. ಅಡಿಗೆ ಮನೆಯಿಂದ ಉಪ್ಪು ಬಂತು, ಬಾಣಂತಿಯ ಮೈ ಕಾಸುವ ಶೇಗಡಿಗೆಂದು ತಂದಿಟ್ಟ ಇದ್ದಲಿ ಬಂತು. ಗೌರವ್ವಾರು ದಂಡೆಯ ಮೇಲೆ ನಿಂತು ಪ್ರತಿ ಬುಟ್ಟಿಯನ್ನೂ ಗಟ್ಟಿಯಾಗಿ ಕನ್ನಡದಲ್ಲಿ ಎಣಿಸಿದರು. ಮುಗಿಯುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿತ್ತು; ಒಲೆಗೆ ಎರಡು ಸಲ ಕಟ್ಟಿಗೆ ಒಟ್ಟಿದ್ದರು. ತಂತಿ ಬಿಗಿದು ಪರೀಕ್ಷೆಯ ಬಲ್ಬು ಹಚ್ಚಿದೆ. ಕಣ್ಣು ಕುಕ್ಕುವಂತೆ ಉರಿಯಿತು. ಅವರನ್ನು ದೂರ ನಿಲ್ಲಿಸಿ, ಕರೆಂಟಿನ ತಂತಿಯನ್ನು ಬೇಕೆಂದೇ ಪೈಪಿಗೆ ತಾಗಿಸಿದೆ. ಟಪ್ಪೆಂದು ಫ್ಯೂಸು ಹೋಯಿತು. ಸುಟ್ಟ ಎಳೆಯನ್ನು ತಂದು ಅವರ ಅಂಗೈಯಲ್ಲಿಟ್ಟೆ.

“ಪೈಪಿನಾಗ ಕರೆಂಟು ಬಂತಂದ್ರ ಕುಣಿ ಜಗ್ಗತೈತಿ, ಇದು ಸುಟ್ಟು ಕಡೀತೈತಿ. ಹುಡುಗೀ ತನಕ ಬರೂದಿಲ್ಲ.”

“ಹಂಗಾರ ಹೊಸಾದು ಹಾಕು. ಹಾಕಿ, ಒಳಗ ಹೋಗಿ, ಕಾಲ ಮ್ಯಾಲೆ ನೀರು ಹಾಕ್ಕೊಂಡು ಪೈಪ ಹಿಡಿ.”

ನಾನು ಹಿಡಿದೆ. ಮಾಡಿದ ಕೆಲಸದ ಮೇಲೆ ನನಗೆ ನಂಬಿಕೆ ಪೂರಾ ಇತ್ತು. ಬಿಸ್ಮಿಲ್ಲಾ ಎಂದದ್ದು ರೂಢಿಯಿಂದ. ಪಂಖಾ ತಿರುಗುತ್ತಿತ್ತು, ದೀಪ ಉರಿಯುತ್ತಿತ್ತು, ನಾನು ಬದುಕಿದ್ದೆ.

“ಆತಲ್ರಿ?”

“ಆಗಲಿಲ್ಲ. ನೀ ಸಾಕಿದ ನಾಯಿ ನಿನಗ ಕಚ್ಚೂದಿಲ್ಲ. ಸರಿ ಅತ್ಲಾಗ.”

ಅಷ್ಟಂದು, ನಾನು ಬೇಡ ಎನ್ನುವುದರೊಳಗೆ, ಒಂದು ತಂಬಿಗೆ ನೀರು ಕಾಲ ಮೇಲೆ ಸುರಿದುಕೊಂಡು ಎರಡೂ ಕೈಯಿಂದ ಪೈಪು ಹಿಡಿದರು. ಬಾಗಿಲ ಹೊರಗೆ ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತ ನನಗೆ ಎಂಟು ವರ್ಷದ ವಿದ್ಯೆಯಲ್ಲಿ ಒಂದೂ ನೆನಪಾಗಲಿಲ್ಲ. ಯಾವ ಕಟ್ಟು ಬಿಗಿದೆ, ಯಾವುದು ಬಿಗಿಯಲಿಲ್ಲ, ಒಂದೂ ತಿಳಿಯಲೊಲ್ಲದು. ಗೌರವ್ವಾರು ಅವಸರ ಮಾಡಲಿಲ್ಲ. ಮೊಮ್ಮಗಳು ಕಲ್ಲಿನ ಮೇಲಿಂದ ಏಳುವುದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಹಿಡಿದು, ಕೂತು, ಮತ್ತೆ ಅದನ್ನೇ ಹಿಡಿದು ಎದ್ದರು. ಆಮೇಲೆ ಕೈ ಬಿಟ್ಟು ಹೊರಗೆ ಬಂದು, ಸೆರಗಿನಿಂದ ಕೈ ಒರೆಸಿಕೊಂಡರು.

“ಇಷ್ಟು ಮಾತು ಹೇಳಾಕ ನಿನಗ ಹದಿನೈದು ದಿನಾ ಬೇಕಾತೇನು?”

ನಾನು ಚೀಲ ಎತ್ತಿಕೊಂಡೆ.

“ನೀರು ಹಾಕಿ ಮುಗಿಯೂತನಕ ಎಲ್ಲೂ ಹೋಗಬ್ಯಾಡ. ಹಿಂದ ಕುಂದ್ರು.”

ಮೇನ್ ಸ್ವಿಚ್ಚು ಹಿತ್ತಲ ಪಡಸಾಲೆಯಲ್ಲಿತ್ತು. ಅದರ ಹಿಡಿಕೆಯ ಮೇಲೆ ಕೈ ಇಟ್ಟುಕೊಂಡು ನಿಂತೆ. ಕೂಡಲು ಮನಸ್ಸಾಗಲಿಲ್ಲ. ಒಳಗೆ ಕಲ್ಲಿನ ಮೇಲೆ ಕೂತ ಸದ್ದು, ತಂಬಿಗೆ ಹಂಡೆಗೆ ತಾಗಿದ ಸದ್ದು, ನೀರು ಬಿದ್ದ ಸದ್ದು. ಎಣ್ಣೆ, ಅರಿಶಿನ, ಸೀಗೆಯ ನೀರು ಬೆಚ್ಚಗೆ ಹಬೆಯಾಡುತ್ತ ಮೋರಿಯಿಂದ ಬಂದು ಹೊಸ ಮಣ್ಣಿನಲ್ಲಿ ಇಂಗುತ್ತಿತ್ತು. ಒಂದೊಂದು ತಂಬಿಗೆಗೂ ನಾನು ಕಿವಿ ಕೊಟ್ಟಿದ್ದೆ. ಕೊನೆಗೆ ನೀರು ನಿಂತಿತು.

“ಹಿಡಕೊಂಡು ಏಳು” ಎಂದರು ಗೌರವ್ವಾರು.

ಬಳೆ ಪೈಪಿಗೆ ತಾಗಿ ಸದ್ದಾಯಿತು. ಆಮೇಲೆ ಶಾಂತವ್ವನ ಧ್ವನಿ ಕೇಳಿಸಿತು.

“ಆಯೀ, ಇವತ್ತ ಕಣ್ಣ ಉರಿಯವಲ್ವು.”

“ಹಂಗಾರ ಇನ್ನ ಅಳಾಕ ಬ್ಯಾರೆ ಜಾಗಾ ನೋಡ್ಕೋ. ನಾ ಈ ಮನೀಗೆ ಸೊಸಿಯಾಗಿ ಬಂದಾಗಿಂದ ಇದ ಬಚ್ಚಲದಾಗ, ಹೊಗೀ ಹೆಸರ ಹೇಳಿ ಅತ್ತೇನಿ.”

ನಾನು ಹಿಡಿಕೆಯ ಮೇಲಿನಿಂದ ಕೈ ತೆಗೆದೆ.